ಅರ್ಜಿಯ ಮೊದಲ ಸಹಿ

ಅರಸೀಕೆರೆಯ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಒಂದಿಬ್ಬರು ವಿದ್ಯಾರ್ಥಿಗಳು ಸ್ಟಾಫ್ ರೂಮಿಗೆ ಬಂದು, ಐಚ್ಛಿಕ ವಿಷಯವಾಗಿ ಪತ್ರಿಕೋದ್ಯಮ ಸಿಕ್ಕಿದೆ, ಹೇಗಾದರೂ ಬದಲಾಯಿಸಿಕೊಡಿ ಎಂದು ಗೋಗರೆಯುತ್ತಾರೆ. ‘ನಮಗ್ಯಾಕೆ ಮೇಡಂ ಅದು, ನಾವೇನು ಪೇಪರ್‌ನವರಾಗಬೇಕಾ?’ ನಾನು ಬದಲಾಯಿಸಿಕೊಡುವುದಿಲ್ಲ. ಕಾರಣವನ್ನೂ ಹೇಳುವುದಿಲ್ಲ. ಹೇಳಹೊರಟರೆ ಹೋಗುವುದು ನನ್ನ ಮರ್ಯಾದೆಯೇ.

ನಾನೂ ಹಾಗೆ ಸಿಕ್ಕಿಬಿದ್ದವಳೇ. ನಮ್ಮೂರು ಹಳೇಬೀಡಿನ ಪಕ್ಕ. ಬಿ.ಎಸ್ಸಿ. ಓದುವಾಗ ಐಚ್ಛಿಕ ವಿಷಯ ಆರಿಸಿಕೊಳ್ಳುವ ದಿನ ಬಸ್ಸು ತಡವಾಗಿ, ಅರಸೀಕೆರೆ ತಲುಪುವ ಹೊತ್ತಿಗೆ ಯೋಗ ತುಂಬಿತ್ತು, ಪ್ರವಾಸೋದ್ಯಮ ತುಂಬಿತ್ತು. ಉಳಿದಿದ್ದು ಪತ್ರಿಕೋದ್ಯಮ. ಕಲಿಸುತ್ತಿದ್ದವರು ಒಬ್ಬ ಅತಿಥಿ ಉಪನ್ಯಾಸಕರು, ಬಹಳ ಕಾಲ ತಾಲ್ಲೂಕು ವರದಿಗಾರರಾಗಿದ್ದವರು. ನೋಟ್ಸ್ ಕೊಡುತ್ತಿರಲಿಲ್ಲ. ನಾವು ಬರೆದು ತಂದದ್ದರ ಒಂದೊಂದು ವಾಕ್ಯದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ‘ಯಾರು ನೋಡಿದ್ದು?’ ಎಂದು ಬರೆಯುತ್ತಿದ್ದರು. ‘ಜನ ಹೇಳ್ತಾರೆ ಸರ್’ ಎಂದರೆ, ‘ಆ ಜನರ ಮನೆ ಯಾವ ಬೀದೀಲಿದೆ?’ ಎನ್ನುವರು. ನಮಗೋ ನಗು.

ವಿಜ್ಞಾನದವರಿಗೆ ಇದೇನು ಹೊಸದಲ್ಲ ಅನ್ನಬಹುದು. ನಮ್ಮ ಲ್ಯಾಬ್ ಪುಸ್ತಕದಲ್ಲಿ ಕಂಡದ್ದಕ್ಕೆ ಒಂದು ಕಾಲಂ, ಅದರಿಂದ ತಿಳಿದದ್ದಕ್ಕೆ ಇನ್ನೊಂದು ಕಾಲಂ ಇತ್ತು. ಆದರೆ ನಾವು ಜಾಣೆಯರು. ಉತ್ತರ ಮೊದಲು ತಿಳಿದುಕೊಂಡು ಕಂಡದ್ದನ್ನು ಆಮೇಲೆ ತುಂಬುತ್ತಿದ್ದೆವು. ಪಕ್ಕದವಳ ಬ್ಯುರೆಟ್ ರೀಡಿಂಗ್ ಇಣುಕಿ ನೋಡಿ, ನಮ್ಮದನ್ನು ಒಂದು ಗೆರೆ ಹೆಚ್ಚುಕಡಿಮೆ ಮಾಡಿ ಬರೆದರೆ ಕೆಲಸ ಮುಗಿಯಿತು. ಲ್ಯಾಬಿನ ಬಾಗಿಲು ದಾಟಿದ ಮೇಲಂತೂ ಆ ಎರಡು ಕಾಲಂ ಇದ್ದದ್ದೇ ನೆನಪಿರುತ್ತಿರಲಿಲ್ಲ.

ಅಪ್ಪ ನಮ್ಮೂರ ದೇವಸ್ಥಾನದ ಅರ್ಚಕರು. ಊರಿನವರ ಅರ್ಜಿಗಳನ್ನೂ ಅವರೇ ಬರೆದುಕೊಡುತ್ತಿದ್ದರು. ಕಣ್ಣಿನ ಆಪರೇಷನ್ ಆದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ನನ್ನ ಅಕ್ಷರ ಮುತ್ತಿನ ಹಾಗೆ ಎಂದು ಎಲ್ಲರೂ ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ವಿದ್ಯುತ್ ಕಂಬ, ಬೋರ್‌ವೆಲ್, ರೇಷನ್ ಕಾರ್ಡು, ಎಲ್ಲಕ್ಕೂ ಅರ್ಜಿ. ಬರೆದಾದ ಮೇಲೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿಸಿಕೊಂಡವರು ‘ಸರಿಯಾಗೈತೆ’ ಅಂದ ಮೇಲೆ ಸಹಿ. ಇದು ನಮ್ಮೂರ ಪದ್ಧತಿ.

ಆ ವರ್ಷ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರು ವಯಸ್ಸಾಯಿತೆಂದು ಬಿಟ್ಟರು. ಸಹಾಯಕಿಯಾಗಿದ್ದಾಕೆ ಮುಖ್ಯ ಅಡುಗೆಯವರಾದರು, ಅವರ ಜಾಗಕ್ಕೆ ನಮ್ಮ ಬೀದಿಯವರೊಬ್ಬರು ಬಂದರು. ಹೊಸದಾಗಿ ಮುಖ್ಯ ಅಡುಗೆಯವರಾದಾಕೆಯ ಮನೆ ಊರಾಚೆಯ ಬೀದಿಯಲ್ಲಿ. ಅಲ್ಲಿನ ಕೆಲವು ಮನೆಗಳವರು ಬೌದ್ಧರಾಗಿದ್ದರು, ಇವರದೂ ಅಂಥದೇ ಮನೆ. ಗಂಡ ತೀರಿಹೋಗಿದ್ದರು, ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಳು. ಆಕೆ ಸಹಾಯಕಿಯಾಗಿ ಪಾತ್ರೆ ತೊಳೆಯುತ್ತಿದ್ದಷ್ಟು ಕಾಲ ಊರಿಗೆ ಏನೂ ಕಂಡಿರಲಿಲ್ಲ. ಸೌಟು ಕೈಗೆ ಬಂದ ತಿಂಗಳೊಳಗೆ ಸಾರಿನಲ್ಲಿ ಹಲ್ಲಿ ಬಿತ್ತು.

ಭಾನುವಾರ ಬೆಳಿಗ್ಗೆ ನಾಲ್ಕು ಜನ ಬಂದು ನಮ್ಮ ಜಗಲಿಯ ಮೇಲೆ ಕೂತರು. ಅವರಲ್ಲಿ ಹಿರಿಯರು, ‘ಹಲ್ಲಿ ಬಿದ್ದಿದ್ದ ಸಾರು ಬಡಿಸವ್ಳೆ ಕಣಮ್ಮ. ಮೂರು ಮಕ್ಳು ವಾಂತಿ ಮಾಡ್ಕಂಡವೆ. ಅವಳನ್ನ ತೆಗೀಬೇಕು ಅಂತ ಬೇಲೂರಿನ ಬಿ.ಇ.ಓ. ಸಾಹೇಬ್ರಿಗೆ ಒಂದು ಅರ್ಜಿ ಬರಿ’ ಅಂದರು. ನಾನು ಎರಡು ಪುಟ ಬರೆದೆ. ‘ಸದರಿ ಹಲ್ಲಿಯನ್ನು ನಾವು ಕಣ್ಣಾರೆ ಕಂಡಿರುತ್ತೇವೆ’ ಎಂದೂ ಬರೆದೆ. ಹಾಗೆ ಬರೆಯಲು ಯಾರೂ ಹೇಳಿರಲಿಲ್ಲ. ಅರ್ಜಿಗೆ ತೂಕ ಬರಲಿ ಎಂದು ನಾನೇ ಸೇರಿಸಿದ್ದು. ಓದಿ ಹೇಳಿದೆ, ಎಲ್ಲರೂ ತಲೆಯಾಡಿಸಿದರು. ಸಹಿ ಎಲ್ಲಿ ಹಾಕಬೇಕೆಂದು ತೋರಿಸಲು ಮೊದಲ ಸಹಿ ನಾನೇ ಹಾಕಿದೆ. ಸಂಜೆಯೊಳಗೆ ಅದು ಮನೆಮನೆ ಸುತ್ತಿ ನನ್ನ ಸಹಿಯ ಕೆಳಗೆ ಇಪ್ಪತ್ತೆರಡು ಸಹಿಗಳಾದವು.

ಅದೇ ವಾರ ನಮ್ಮ ಉಪನ್ಯಾಸಕರು, ನಿಮ್ಮೂರಿನ ಒಂದು ಸುದ್ದಿ ಬರೆದು ತನ್ನಿ ಅಂದರು. ಹೆಚ್ಚು ಕಷ್ಟಪಡಲು ಮನಸ್ಸಿಲ್ಲದೆ ನಾನು ಅರ್ಜಿಯ ಜೆರಾಕ್ಸ್ ಪ್ರತಿಯನ್ನೇ ನೋಡಿ ಸುದ್ದಿ ಬರೆದೆ, ಪ್ರತಿಯನ್ನೂ ಜೊತೆಗೆ ಲಗತ್ತಿಸಿದೆ. ಹೊಗಳುತ್ತಾರೆ ಅಂದುಕೊಂಡಿದ್ದೆ. ಅವರು ಸಹಿಗಳನ್ನು ಬೆರಳಿಟ್ಟು ನೋಡಿದರು.

‘ಮೊದಲ ಸಹಿ ಯಾರದಮ್ಮ?’

‘ನಂದೇ ಸರ್.’

‘ಹಲ್ಲಿ ನೋಡಿದ್ಯಾ?’

‘ಇಲ್ಲ ಸರ್. ಅವತ್ತು ನಾನು ಇಲ್ಲೇ ಕ್ಲಾಸಲ್ಲಿದ್ದೆ.’

ಕ್ಲಾಸು ಗೊಳ್ಳೆಂದು ನಕ್ಕಿತು. ಅವರು ನಗಲಿಲ್ಲ, ಬೈಯಲೂ ಇಲ್ಲ. ಹಾಳೆ ವಾಪಸು ಕೊಟ್ಟು, ‘ಇನ್ನು ಇಪ್ಪತ್ತೆರಡು ಮನೆ ತಾನೇ. ಕೇಳ್ಕೊಂಡು ಬಾ. ಆ ಅಡುಗೆಯವರನ್ನೂ ಕೇಳು’ ಅಂದರು. ಬಸ್ಸಿನಲ್ಲಿ ಹಳೇಬೀಡು ಬರುವವರೆಗೂ ನನ್ನ ಸಿಟ್ಟು ಇಳಿಯಲಿಲ್ಲ. ಸಿಟ್ಟು ಅವರ ಮೇಲೆ, ಇನ್ನೂ ನನ್ನ ಮೇಲಲ್ಲ.

ಕೇಳಿದೆ. ಅಂಗಡಿಯವರು, ‘ನಾನೆಲ್ಲಿ ನೋಡ್ಲಿ, ಅಂಗಡಿ ಬಿಟ್ಟು ಹೋಗಕ್ಕಾಯ್ತದಾ? ಹಾಲಿನ ಡೈರಿ ತಾವ ಮಾತಾಡ್ತಿದ್ರು’ ಅಂದರು. ಡೈರಿಯವರು ಅಂಗಡಿಯಲ್ಲಿ ಕೇಳಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಾದೆಯನ್ನು ನಮ್ಮೂರವರೇ ಕಟ್ಟಿರಬೇಕು. ಒಬ್ಬ ಅಜ್ಜಿ ನನ್ನನ್ನೇ ವಿಚಿತ್ರವಾಗಿ ನೋಡಿ, ‘ಅಯ್ಯೋ, ಮೇಲ್ಗಡೆ ನಿನ್ನ ಸೈನೇ ಇತ್ತಲ್ಲವ್ವ. ಓದಿರೋ ಹುಡ್ಗಿ ಸುಳ್ಳು ಬರೀತಾಳಾ ಅಂತ ನಾನೂ ಒತ್ತಿದೆ’ ಅಂದರು. ಅವರದು ಹೆಬ್ಬೆಟ್ಟು. ಇನ್ನೂ ಐದಾರು ಜನ ಹೆಚ್ಚುಕಡಿಮೆ ಅದೇ ಮಾತು ಹೇಳಿದರು. ಹಲ್ಲಿ ನೋಡಿದವರು ಯಾರೂ ಸಿಗಲಿಲ್ಲ. ವಾಂತಿ ಮಾಡಿಕೊಂಡ ಮೂರು ಮಕ್ಕಳು ಸಿಕ್ಕಿದರು. ಅವರಲ್ಲಿ ಇಬ್ಬರು ಅವತ್ತು ಶಾಲೆಯಲ್ಲಿ ಊಟವನ್ನೇ ಮಾಡಿರಲಿಲ್ಲ. ಕೆರೆ ಏರಿಯ ಮೇಲಿನ ಎಲಚಿಕಾಯಿ ಹೊಟ್ಟೆತುಂಬ ತಿಂದಿದ್ದರು.

ಕೊನೆಗೆ ಅಡುಗೆಯವರ ಮನೆಗೆ ಹೋದೆ. ಹುಟ್ಟಿದ ಊರಿನಲ್ಲಿ ಆ ಬೀದಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಇಷ್ಟು ದಿನ ಅದು ನನಗೆ ಹೊಳೆದೂ ಇರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಗಳ ಹತ್ತನೇ ಕ್ಲಾಸಿನ ಅಂಕಪಟ್ಟಿ. ಆಕೆ ಕುರ್ಚಿ ಹಾಕಿ ತಾವು ನಿಂತೇ ಇದ್ದರು.

‘ಅಕ್ಕ, ಅವತ್ತು ಏನಾಯ್ತು ಅಂತ ಕೇಳಬೇಕಿತ್ತು.’

‘ಕೇಳಕ್ಕೆ ಅಂತ ಬಂದಿದ್ದು ನೀನೊಬ್ಳೇ ಕಣವ್ವ’ ಅಂದರು. ‘ಬರ್ದಿದ್ದೂ ನೀನೇಯಂತೆ.’

ಹೌದು ಅಂದೆ. ಆಕೆಯೇ ಮುಂದುವರಿಸಿದರು. ‘ಸಾರು ಇಳಿಸಿದ ಮ್ಯಾಲೆ ಮೊದಲ ತುತ್ತು ನಾನುಣ್ತೀನಿ, ಎರಡ್ನೇದು ಮೇಷ್ಟ್ರು. ರುಚಿ ನೋಡಿದ್ದಕ್ಕೆ ಒಂದು ಪುಸ್ತಕ ಐತೆ, ಅವತ್ತಿನ ಸಹಿನೂ ಐತೆ. ಹೋಗಿ ನೋಡು. ಈ ಕೆಲ್ಸ ಹೋದ್ರೆ ಮಗಳನ್ನ ವಾಪಸ್ ಕರ್ಕಂಬರ್ಬೇಕು. ಇನ್ನೊಂದು ವರ್ಷ ಐತೆ ಅವಳ್ದು.’ ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತೇನೋ. ಮರುದಿನ ಶಾಲೆಗೆ ಹೋಗಿ ಪುಸ್ತಕ ನೋಡಿದೆ. ಸಹಿ ಇತ್ತು.

ಬೇಲೂರಿನ ಕಚೇರಿಗೆ ಹೋಗಿ, ಅರ್ಜಿಯಿಂದ ನನ್ನ ಸಹಿ ತೆಗೆಯಬೇಕು ಅಂದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, ‘ಹಾಕಿದ ಸಹಿ ತೆಗೆಯೋಕೆ ಬರಲ್ಲಮ್ಮ. ಬೇಕಾದ್ರೆ ಇನ್ನೊಂದು ಅರ್ಜಿ ಕೊಡಿ’ ಅಂದರು. ಅಲ್ಲೇ ಕೂತು ಬರೆದೆ: ಮೊದಲ ಸಹಿ ನನ್ನದು, ನಾನು ಏನನ್ನೂ ನೋಡಿಲ್ಲ, ನೋಡಿದೆ ಎನ್ನುವ ಒಬ್ಬರೂ ನನಗೆ ಸಿಕ್ಕಿಲ್ಲ. ಹದಿನೈದು ದಿನಕ್ಕೆ ಅಧಿಕಾರಿ ಶಾಲೆಗೆ ಬಂದು ವಿಚಾರಣೆ ಮಾಡಿದರು. ಹಲ್ಲಿ ಕಂಡವರು ಕೈ ಎತ್ತಿ ಅಂದರು. ಯಾರೂ ಎತ್ತಲಿಲ್ಲ. ಆಕೆಯ ಕೆಲಸ ಉಳಿಯಿತು. ಅಪ್ಪ ಮನೆಗೆ ಬಂದು, ‘ಊರಿನ ಮುಂದೆ ನನ್ನ ತಲೆ ತಗ್ಗಿಸಿದೆ’ ಎಂದು ಒಂದು ವಾರ ನನ್ನೊಡನೆ ಮಾತು ಬಿಟ್ಟರು. ನಾನು ಮಾತ್ರ ಗೆದ್ದೆ ಅಂದುಕೊಂಡೆ. ಅಡಿಯಿಂದ ಮುಡಿಯವರೆಗೆ ಹೆಮ್ಮೆ.

ಇಡೀ ಕಥೆಯನ್ನು ವರದಿ ಮಾಡಿ ಉಪನ್ಯಾಸಕರಿಗೆ ಕೊಟ್ಟೆ. ಓದಿ, ‘ಚೆನ್ನಾಗಿದೆ. ಯಾರು, ಏನು, ಎಲ್ಲಿ, ಯಾವಾಗ, ಎಲ್ಲ ಇದೆ. ಯಾಕೆ ಅನ್ನೋದು ಎಲ್ಲಿ?’ ಅಂದರು.

‘ಗೊತ್ತಿಲ್ಲ ಸರ್.’

‘ಗೊತ್ತಿಲ್ವೋ, ಕೇಳಿಲ್ವೋ?’

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ವಿಚಾರಣೆಯ ಮಾರನೇ ಸೋಮವಾರದಿಂದ ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಊಟದ ಡಬ್ಬಿಗಳು ಕಾಣಿಸಿಕೊಂಡವು. ಮೊದಲು ನಾಲ್ಕು, ಆಮೇಲೆ ಹತ್ತು. ನನ್ನ ತಂಗಿ ಆಗ ನಾಲ್ಕನೇ ಕ್ಲಾಸು. ಅಮ್ಮ ಅವಳಿಗೂ ಒಂದು ಡಬ್ಬಿ ಕಟ್ಟಿದರು. ಹಲ್ಲಿ ಬಿದ್ದಿರಲಿಲ್ಲ ಅಂತ ತೀರ್ಮಾನ ಆಯ್ತಲ್ಲಮ್ಮ, ಮತ್ತೆ ಯಾಕೆ, ಎಂದು ಕೇಳಿದೆ. ಅಮ್ಮ ಮುಚ್ಚಳ ಒತ್ತುತ್ತಾ, ನನ್ನ ಕಡೆ ನೋಡದೆ, ‘ಗೊತ್ತಿದ್ದೂ ಕೇಳ್ತೀಯಲ್ಲೇ’ ಅಂದರು.

ಹೌದು, ಗೊತ್ತಿತ್ತು. ಜಗಲಿಯ ಮೇಲೆ ಆ ನಾಲ್ವರು ಕೂತಾಗಲೂ ಗೊತ್ತಿತ್ತು. ಅವರಿಗೆ ಬೇಡವಾಗಿದ್ದದ್ದು ಆ ಬೀದಿಯ ಕೈಯಡುಗೆ. ಹಾಗೆಂದು ಬರೆದರೆ ಬರೆದವರೇ ಜೈಲಿಗೆ ಹೋಗಬೇಕಾಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅದಕ್ಕೊಂದು ಹಲ್ಲಿ ಬೇಕಾಯಿತು. ಆ ಹಲ್ಲಿಗೆ ಮುತ್ತಿನಂಥ ಅಕ್ಷರ ಕೊಟ್ಟವಳು ನಾನು. ನಾಚಿಕೆಯಾಯಿತು. ಆದರೆ ‘ಯಾಕೆ’ ಎಂಬ ಜಾಗವನ್ನು ಖಾಲಿ ಬಿಟ್ಟೇ ವರದಿಯನ್ನು ಮತ್ತೆ ಕೊಟ್ಟೆ. ಹತ್ತಕ್ಕೆ ಆರು ಅಂಕ ಬಂತು.

ಒಂದು ದಿನ ತಂಗಿ ಶಾಲೆಯಿಂದ ಬಂದವಳು, ‘ಅಡುಗೆಯವರು ದಿನಾ ನನ್ನ ಕೇಳ್ತಾರೆ ಕಣಕ್ಕ, ಊಟಕ್ಕೆ ಕೂರಲ್ವಾ ಪುಟ್ಟಿ ಅಂತ’ ಅಂದಳು.

‘ನೀನೇನಂದೆ?’

‘ನೀವು ಮಾಡಿದ್ದು ನಾವು ತಿನ್ನಬಾರದಂತೆ, ಅಮ್ಮ ಹೇಳಿದಾರೆ ಅಂದೆ.’

‘ಅದಕ್ಕೆ ಅವರು?’

‘ಸರಿ ಕಣವ್ವ, ಹೊತ್ತಾಯ್ತು, ಡಬ್ಬಿ ತೆಗೆದು ಉಣ್ಣು ಅಂದ್ರು.’

ಮಾರ್ಚ್ ತಿಂಗಳಲ್ಲಿ ಊಟಕ್ಕೆ ಕೂರುವ ಮಕ್ಕಳು ಕಡಿಮೆಯಾಗಿದ್ದಾರೆ, ಇಬ್ಬರು ಅಡುಗೆಯವರು ಬೇಕಿಲ್ಲ ಎಂಬ ಮಾತು ಬಂತು. ಬಿಡಬೇಕಾದವರು ಯಾರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಒಂದು ಸಂಜೆ ಆಕೆ ನಮ್ಮ ಮನೆಯ ಮುಂದೆ ಬಂದು ನಿಂತರು. ಜಗಲಿ ಹತ್ತಲಿಲ್ಲ.

‘ಒಂದು ಅರ್ಜಿ ಬರ್ಕೊಡವ್ವ. ನನ್ನ ತೆಗೀಬ್ಯಾಡಿ ಅಂತ. ಮಕ್ಳು ಯಾಕೆ ಊಟಕ್ಕೆ ಬತ್ತಿಲ್ಲ ಅನ್ನೋದನ್ನ ಸರಿಯಾಗಿ ಬರಿ. ನಿಂಗೆ ಗೊತ್ತೈತೆ. ಮಗಳ ಕೈಲಿ ಬರೆಸ್ಬೋದಿತ್ತು. ನೀನು ಬರೀಬೇಕು ಅಂತ ಬಂದೆ.’

ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದು ಬೆನ್ನಿಗೆ ತಿಳಿಯಿತು. ಜಗಲಿಯಿಂದ ಇಳಿದು ಮೆಟ್ಟಿಲ ಮೇಲೆ ಕೂತು ಬರೆದೆ. ಬರೆದದ್ದು ಒಂದೇ ಪುಟ, ಆದರೆ ಹೊತ್ತು ಹಿಡಿಯಿತು. ಮುಗಿದ ಮೇಲೆ ಪದ್ಧತಿಯಂತೆ ಗಟ್ಟಿಯಾಗಿ ಓದಿದೆ. ‘ಅಡುಗೆಯಲ್ಲಿ ಯಾವ ದೋಷವೂ ಇರುವುದಿಲ್ಲ. ಅಡುಗೆ ಮಾಡುವವರ ಜಾತಿಯ ಕಾರಣಕ್ಕೆ ಹತ್ತು ಮನೆಯವರು ಮಕ್ಕಳಿಗೆ ಡಬ್ಬಿ ಕಳಿಸುತ್ತಿದ್ದಾರೆ. ಅವುಗಳಲ್ಲಿ ಒಂದು ಈ ಅರ್ಜಿ ಬರೆದವಳ ಮನೆ. ಕಾರಣವನ್ನು ಆಕೆಯ ತಾಯಿಯೇ ಆಕೆಗೆ ತಿಳಿಸಿರುತ್ತಾರೆ.’ ಅಮ್ಮ ಒಳಗೆ ಹೋದರು. ಆಕೆ ‘ಸರಿಯಾಗೈತೆ’ ಎಂದು ಸಹಿ ಹಾಕಿದರು. ಬರೆದವಳೆಂದು ನಾನೂ ಹೆಸರು ಬರೆದೆ.

ಅರ್ಜಿಗೆ ಉತ್ತರ ಬಂತು. ಆಕೆಯನ್ನು ತೆಗೆಯಲಿಲ್ಲ, ಜೂನಿನಿಂದ ನಾಲ್ಕು ಮೈಲಿ ಆಚೆಯ ಇನ್ನೊಂದು ಶಾಲೆಗೆ ಹಾಕಿದರು. ಮಗಳ ಓದೂ ನಡುವೆ ನಿಲ್ಲದೆ ಮುಗಿಯಿತು. ಹತ್ತು ಮನೆಗಳಿಗೆ ನೋಟಿಸು ಬಂತೆಂದೋ ಅಧಿಕಾರಿಗಳು ಬಂದು ಬುದ್ಧಿ ಹೇಳಿದರೆಂದೋ ಬರೆಯಲು ನನಗೂ ಆಸೆ. ಅಂಥದ್ದೇನೂ ಆಗಲಿಲ್ಲ. ನಮ್ಮೂರ ಶಾಲೆಯಲ್ಲಿ ಸೌಟು ಸಹಾಯಕಿಯಾಗಿದ್ದ ನಮ್ಮ ಬೀದಿಯವರ ಕೈಗೆ ಬಂತು. ಡಬ್ಬಿಗಳು ಆ ವಾರವೇ ನಿಂತವು. ನಮ್ಮ ಮನೆಯದನ್ನು ಅಮ್ಮ ತೊಳೆದು, ಒರೆಸಿ, ಅಟ್ಟಕ್ಕೆ ಹಾಕಿದರು.