ಪುಟ್ಟ ದೀಪದಮ್ಮನಿಗೆ ಕೆಂಪು ಚೀಟಿ

ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ನಮ್ಮತ್ತೆ ನನ್ನನ್ನು ಬೈಯುತ್ತಿದ್ದರು. ಅದರಲ್ಲಿ ಸುಳ್ಳೇನೂ ಇಲ್ಲ. ಪೀಣ್ಯದ ಒಂದು ಕಾರ್ಖಾನೆಯವರು ಹತ್ತೊಂಬತ್ತು ವರ್ಷದಿಂದ ನನಗೆ ಸಂಬಳ ಕೊಡುತ್ತಿರುವುದೇ ಅದಕ್ಕೆ. ಲೇತಿನಿಂದ ಇಳಿದ ಬಿಡಿಭಾಗಗಳನ್ನು ಅಳೆಯುತ್ತೇನೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುತ್ತೇನೆ. ಕೆಂಪು ಚೀಟಿ ಬಿದ್ದ ಮಾಲು ಮತ್ತೆ ಸಾಲಿಗೆ ಬರುವುದಿಲ್ಲ, ಗುಜರಿಗೆ ಹೋಗುತ್ತದೆ.

ಹೋದ ವರ್ಷ ಆ ಚೀಟಿಯನ್ನು ಒಂದು ಮಗುವಿನ ದನಿಗೆ ಕಟ್ಟಿದೆ. ಆ ಮಗು ನಮ್ಮ ಮನೆಯ ಕೆಳಗೇ ಬಾಡಿಗೆಗಿತ್ತು. ಇದನ್ನು ಎಲ್ಲಾದರೂ ಬರೆದಿಡದೆ ನನಗೆ ಸಮಾಧಾನವಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಟೀವಿಯಲ್ಲಿ ಬಾಹ್ಯಾಕಾಶದ ಒಂದು ಧಾರಾವಾಹಿ ಬರುತ್ತಿತ್ತು. ಪರದೇಶದ್ದು, ಹಿಂದಿಯಲ್ಲಿ ಮಾತಾಡುತ್ತಿತ್ತು, ನನಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಆಕಾಶದ ತುದಿಯಲ್ಲಿ ಒಂದು ದೊಡ್ಡ ದೀಪ. ದಾರಿ ತಪ್ಪಿದ ನೌಕೆಗಳಿಗೆ ಬೆಳಕು ತೋರಿಸುವುದು ಅದರ ಕೆಲಸ. ಅದನ್ನು ಕಾಯುವ ಹೆಂಗಸು ಎಂಥ ಆಪತ್ತು ಬಂದರೂ ದನಿ ಏರಿಸುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಕೂಗಾಡುತ್ತಿದ್ದರು. ಅದಕ್ಕೋ ಏನೋ, ಮೆಲ್ಲಗೆ ಮಾತಾಡಿ ಎಲ್ಲವನ್ನೂ ನಡೆಸುವ ಆ ಹೆಂಗಸು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಳು. ನಾನು ಅವಳನ್ನು ದೀಪದಮ್ಮ ಎಂದು ಕರೆದುಕೊಳ್ಳುತ್ತಿದ್ದೆ.

ಎಷ್ಟೋ ವರ್ಷದ ಮೇಲೆ, ನನ್ನ ಹಾಗೆಯೇ ಅವಳನ್ನು ಮರೆಯದವರ ಒಂದು ವಾಟ್ಸಾಪ್ ಗುಂಪು ಸಿಕ್ಕಿತು. ಹನ್ನೊಂದು ಜನ. ಹೆಚ್ಚಿನವರು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಟೆಸ್ಟರ್‌ಗಳು. ಕಬ್ಬಿಣದಲ್ಲಿ ತಪ್ಪು ಹುಡುಕುವವಳು ನಾನೊಬ್ಬಳೇ. ತಿಂಗಳಿಗೊಂದು ಶನಿವಾರ ಬ್ರೂಕ್‌ಫೀಲ್ಡಿನಲ್ಲಿ ಒಬ್ಬ ಟೆಸ್ಟರ್‌ನ ಫ್ಲ್ಯಾಟಿನಲ್ಲಿ ಸೇರಿ ಹಳೆಯ ಕಂತು ನೋಡುತ್ತಿದ್ದೆವು. ನೋಡಿ ಮುಗಿದ ಮೇಲೆ ನಮ್ಮದೊಂದು ಪದ್ಧತಿ ಇತ್ತು, ದೋಷದ ಹಾಳೆ. ಕಾರ್ಖಾನೆಯ ತಪಾಸಣೆ ಹಾಳೆಯ ಹಾಗೆಯೇ ಗೆರೆ ಎಳೆದು, ಕ್ರಮಸಂಖ್ಯೆ, ದೋಷ, ತೀರ್ಮಾನ ಎಂದು ನಾನೇ ಕೈಯಲ್ಲಿ ಬರೆಯುತ್ತಿದ್ದೆ. ನನ್ನ ಅಕ್ಷರ ಗುಂಡಗೆ, ಅಚ್ಚು ಹಾಕಿದ ಹಾಗಿದೆ. ಅದರ ಫೋಟೋ ಗುಂಪಿಗೆ ಹೋದ ಮೇಲೆ ಒಂದು ವಾರ ನಗುವೋ ನಗು. ಯಾರಿಗೂ ನೋವಾಗದ ಆಟ ಅದು, ಏಕೆಂದರೆ ಧಾರಾವಾಹಿ ಮಾಡಿದವರಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ.

ಹೀಗಿರುವಾಗ ಅದೇ ದೀಪದ ಕಥೆಯನ್ನು ಮಕ್ಕಳಿಗಾಗಿ ಹೊಸದಾಗಿ ಮಾಡಿದ್ದಾರೆ, ಅದೂ ಇಲ್ಲಿಯ ಮಕ್ಕಳಿಂದ ದನಿ ಕೊಡಿಸಿ ಕನ್ನಡದಲ್ಲಿ ಬರುತ್ತದೆ ಎಂದು ಸುದ್ದಿಯಾಯಿತು. ದೊಡ್ಡವರೆಲ್ಲ ಹೋಗಿಬಿಟ್ಟಿದ್ದಾರೆ, ಐದು ಮಕ್ಕಳೇ ದೀಪ ಕಾಯುತ್ತಾರೆ, ಅವರಿಗೆ ಹತ್ತು ವರ್ಷದ ಒಬ್ಬಳು ಮುಖ್ಯಸ್ಥೆ. ಗುಂಪು ಹೊತ್ತಿ ಉರಿಯಿತು. "ನಮ್ ಬಾಲ್ಯಾನ ಆಟದ ಸಾಮಾನು ಮಾಡ್ಬಿಟ್ರು ಗುರು" ಎಂದು ಒಬ್ಬ ಬರೆದ. ನಾನೂ ಉರಿದೆ. ನಲವತ್ತು ದಾಟಿದವಳು ಮಕ್ಕಳ ಕಾರ್ಯಕ್ರಮದ ಮೇಲೆ ಮುನಿಸಿಕೊಂಡು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಮೊದಲ ಕಂತನ್ನು ಬ್ರೂಕ್‌ಫೀಲ್ಡಿನಲ್ಲೇ ನೋಡಿದೆವು. ಒಪ್ಪಲೇಬಾರದು ಎಂದು ತೀರ್ಮಾನಿಸಿಕೊಂಡೇ ಎಲ್ಲರೂ ಬಂದಿದ್ದೆವು. ಪರದೆಯ ಮೇಲೆ ಆ ಹುಡುಗಿ ದೀಪದ ಮೇಲಕ್ಕೆ ಹತ್ತಿ, ಕತ್ತಲಲ್ಲಿ ಅಲೆಯುತ್ತಿದ್ದ ನೌಕೆಯನ್ನು ಕೂಗಿ ಕರೆದಳು. ಎಂಥ ದನಿ! ಗಂಟಲು ಬಿಚ್ಚಿ, ಎಳೆದು, ಕೊನೆಗೆ ಮೇಲಕ್ಕೆ ಎತ್ತಿ ಬಿಡುವ ದನಿ. ದನಿ ಕೊಟ್ಟಿದ್ದು ಉತ್ತರ ಕರ್ನಾಟಕದ ಕಡೆಯ ಮಗು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಒಂದು ಕ್ಷಣ ನನ್ನ ಮೈ ಜುಮ್ಮೆಂದಿತು. ಆ ಕ್ಷಣವನ್ನು ಹಾಳೆಯಲ್ಲಿ ಬರೆಯಬಹುದಾಗಿತ್ತು. ಅದಕ್ಕೆ ಕಾಲಂ ಇರಲಿಲ್ಲ.

ಹಾಳೆಯಲ್ಲಿ ಒಂಬತ್ತು ದೋಷ ಬರೆದೆ. ಏಳನೆಯದು ಹೀಗಿತ್ತು: "ಮುಖ್ಯಸ್ಥೆಯ ದನಿ. ದೀಪ ಕಾಯುವವಳ ಹಾಗಿಲ್ಲ, ಇಟ್ಟಿಗೆ ಹೊರುವವರ ಹಾಗಿದೆ. ತೀರ್ಮಾನ: ಕೆಂಪು ಚೀಟಿ."

ಫ್ಲ್ಯಾಟಿನ ಟೆಸ್ಟರ್ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕ. "ಅಕ್ಕಾ, ಸಕ್ಕತ್ತಾಗಿ ಬರ್ದಿದೀರಾ ಕಣ್ರೀ! ಇದನ್ನ ಗುಂಪಿನ ಹೊರಗೂ ಹಾಕ್ಲೇಬೇಕು" ಎಂದ. ಹಾಕಿ ಎಂದೆ. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಗಿತ್ತು.

ಮೂರೇ ದಿನದಲ್ಲಿ ಆ ಸಾಲು ನಾನು ಕಾಣದ ಜನರ ಫೋನುಗಳಿಗೆಲ್ಲ ಹೋಯಿತು. ಮಗುವಿನ ಕೂಗನ್ನು ಕತ್ತರಿಸಿ, ಕೆಳಗೆ ಗಾರೆ ಕೆಲಸದ ಚಿತ್ರ ಅಂಟಿಸಿ ತಿರುಗಿಸುತ್ತಿದ್ದರು. ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲೂ ಯಾರೋ ಅದನ್ನು ಹಾಕಿಕೊಂಡು ನಗುತ್ತಿದ್ದರು. ನಾನು ತಟ್ಟೆ ಎತ್ತಿಕೊಂಡು ದೂರದ ಬೆಂಚಿಗೆ ಹೋದೆ.

ಅಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ಆದರೆ ನಮ್ಮ ಕಸುಬಿನವರಿಗೆ ಒಂದು ಚಟವಿದೆ. ದೋಷ ಕಂಡರೆ ಐದು ಸಲ ಯಾಕೆ ಎಂದು ಕೇಳಬೇಕು. ಭಾಗ ಕೆಟ್ಟಿತು, ಯಾಕೆ? ಉಳಿ ಮೊಂಡಾಗಿತ್ತು. ಉಳಿ ಯಾಕೆ ಮೊಂಡಾಯಿತು? ಎಣ್ಣೆ ಬೀಳಲಿಲ್ಲ. ಹೀಗೆ ಬುಡದವರೆಗೆ ಇಳಿಯುವುದು. ಟೆಸ್ಟರ್ ಆ ಆಟವನ್ನು ಗುಂಪಿನಲ್ಲಿ ಶುರುಮಾಡಿದ. ದನಿ ಯಾಕೆ ಹೀಗಿದೆ? ಮಗುವಿಗೆ ತರಬೇತಿ ಇಲ್ಲ. ಯಾಕಿಲ್ಲ? ದನಿ ಮುದ್ರಿಸುವ ಸ್ಟುಡಿಯೋದವರು ಶಾಲೆಯಿಂದ ನೇರವಾಗಿ ಆರಿಸಿದ್ದಾರೆ. ಯಾಕೆ ಅಲ್ಲಿಂದ? ಒಬ್ಬ ಮೇಷ್ಟ್ರು ಅವಳ ಪದ್ಯದ ರೆಕಾರ್ಡಿಂಗ್ ಕಳಿಸಿದ್ದರು. ಯಾವ ಮೇಷ್ಟ್ರು, ಯಾವ ಶಾಲೆ? ಯಾರದೋ ನೆಂಟರ ಹುಡುಗ ಆ ಸ್ಟುಡಿಯೋದಲ್ಲಿದ್ದ. ಗುರುವಾರ ಸಂಜೆ ಉತ್ತರ ಬಂತು. ತುಮಕೂರು ರಸ್ತೆ, ಮಾದನಾಯಕನಹಳ್ಳಿಯ ಹತ್ತಿರದ ಸರ್ಕಾರಿ ಶಾಲೆ.

ನಮ್ಮ ಮನೆ ಇರುವುದು ಮಾದನಾಯಕನಹಳ್ಳಿಯಲ್ಲೇ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯ ಸೂಪರ್‌ವೈಸರ್ ಇದ್ದರು. ಅವರು ಹೇಳುತ್ತಿದ್ದರು: "ಐದನೇ ಯಾಕೆಗೆ ಮನುಷ್ಯನ ಹೆಸರು ಬಂತು ಅಂದ್ರೆ ನೀನು ತಪ್ಪು ಕೇಳ್ತಿದೀಯ ಅಂತ ಕಣಮ್ಮ. ಅಲ್ಲಿಗೇ ನಿಲ್ಲಿಸು, ವಾಪಸ್ ಬಾ." ಫೋನು ಹಿಡಿದು ಕೂತಾಗ ಆ ಮಾತು ನೆನಪಾಯಿತು. ಗುಂಪಿನಲ್ಲಿ ಹೇಳಲಿಲ್ಲ.

ನಮ್ಮದು ಮೂರು ಅಂತಸ್ತಿನ ಮನೆ. ಮಾವನವರ ಹೊಲ ಹೋಗಿ ಸೈಟಾದಾಗ ಕಟ್ಟಿದ್ದು. ಕೆಳಗಿನ ನಾಲ್ಕು ರೂಮುಗಳಲ್ಲಿ ಬಾಡಿಗೆಯವರು, ಅಂಗಳದಲ್ಲಿ ಎಲ್ಲರಿಗೂ ಒಂದೇ ನಲ್ಲಿ. ಕೊನೆಯ ರೂಮಿನಲ್ಲಿ ಬಾಗಲಕೋಟೆ ಕಡೆಯ ಗಂಡ, ಹೆಂಡತಿ, ಹತ್ತು ವರ್ಷದ ಮಗಳು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ನೀರು ಬಿಟ್ಟ ತಕ್ಷಣ ಆ ಹುಡುಗಿ ಎಲ್ಲರನ್ನೂ ಕೂಗಿ ಎಬ್ಬಿಸುತ್ತಿದ್ದಳು. ನನ್ನ ನಿದ್ದೆ ಹಾಳಾಗುತ್ತದೆಂದು ನಲ್ಲಿಯ ಮೇಲೆ ತಗಡಿನ ಬೋರ್ಡು ಬರೆದು ಹಾಕಿದ್ದೆ: "ನೀರು ಆರರಿಂದ ಏಳು. ಕೂಗಾಡಬೇಡಿ." ಅವಳು ಬೋರ್ಡು ಓದಿಯೂ ಕೂಗುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ನಾನು ಆರಕ್ಕೆ ಮುಂಚೆಯೇ ಎದ್ದು ಮೆಟ್ಟಿಲ ಮೇಲೆ ನಿಂತೆ. ನಲ್ಲಿ ಬುಸ್ಸೆಂದಿತು.

"ಯವ್ವಾ! ನೀರು ಬಂದಾವ, ಬರ್ರೀ ಎಲ್ಲಾರೂ!"

ಗಂಟಲು ಬಿಚ್ಚಿ, ಎಳೆದು, ಕೊನೆಗೆ ಮೇಲಕ್ಕೆ. ಎರಡು ವರ್ಷ ದಿನಾ ಕೇಳಿದ ದನಿ. ಕೂದಲೆಳೆ ವ್ಯತ್ಯಾಸ ಹಿಡಿಯುವವಳಿಗೆ ಅದು ಟೀವಿಯೊಳಗೆ ಬಂದಾಗ ಗುರುತು ಸಿಕ್ಕಿರಲಿಲ್ಲ. ನಲ್ಲಿಯ ಹತ್ತಿರದವರು ಟೀವಿಯೊಳಗೆ ಬರುತ್ತಾರೆ ಎಂದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಮೆಟ್ಟಿಲ ಮೇಲೇ ಕೂತು ಫೋನು ತೆಗೆದೆ.

ಗುಂಪಿಗೆ ಬರೆದೆ: ಸಾಕು, ಚಿಕ್ಕ ಮಗು, ಬಿಟ್ಟುಬಿಡೋಣ. ಟೆಸ್ಟರ್ ಉತ್ತರಿಸಿದ: "ಮೊದಲ್ನೇ ಕೆಂಪು ಚೀಟಿ ನಿಮ್ದೇ ಅಲ್ವಾ ಅಕ್ಕ?" ಕೆಳಗೆ ನಗುವ ಮುಖಗಳು. ನನ್ನ ಹಾಳೆಯನ್ನು ಅಳಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಅಷ್ಟು ಹೊತ್ತಿಗೆ ಎಲ್ಲರ ಫೋನಿನಲ್ಲೂ ಇತ್ತು. ಮಧ್ಯಾಹ್ನ ಯಾರೋ ಶಾಲೆಯ ಗೇಟಿನ ಫೋಟೋ ಹಾಕಿದರು. ಗೇಟಿನ ಮುಂದೆ ಮಕ್ಕಳು ಐಸ್ ಕ್ಯಾಂಡಿ ತಿನ್ನುತ್ತಿದ್ದರು. ಫೋಟೋವನ್ನು ದೊಡ್ಡದು ಮಾಡಿ ಒಂದೊಂದೇ ಮುಖ ನೋಡಿದೆ. ಅವಳು ಇರಲಿಲ್ಲ.

ಗುಂಪು ಬಿಡಲಿಲ್ಲ ನಾನು. ಒಳಗಿದ್ದರೆ ಅವರು ಏನು ಮಾಡುತ್ತಾರೆಂದು ಗೊತ್ತಾಗುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗಳಿಗೆ ಸಬೂಬು ಸಿಗುವುದು ಕಷ್ಟವೇ?

ಮರುದಿನ ಹನ್ನೊಂದು ಗಂಟೆಗೆ ನಮ್ಮ ಬೀದಿಯಲ್ಲಿ ಒಂದು ಬೈಕು ನಿಂತಿತು. ಇಬ್ಬರು ಗಂಡಸರು. ಒಬ್ಬನ ಟೀ ಶರ್ಟಿನ ಮೇಲೆ ಹಳೆಯ ಧಾರಾವಾಹಿಯ ದೀಪದ ಚಿತ್ರವಿತ್ತು. ಅಂಥದೇ ಶರ್ಟು ನನ್ನ ಬೀರುವಿನಲ್ಲೂ ಇದೆ. ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಹುಡುಗಿಯ ತಾಯಿಯನ್ನು ಅವನು ಕೇಳಿದ: "ಅಕ್ಕ, ಟೀವೀಲಿ ಮಾತಾಡೋ ಹುಡ್ಗಿ ಮನೆ ಇದೇನಾ? ಒಂದ್ಸಲ ಕೂಗ್ಸಿ, ವಿಡಿಯೋ ಮಾಡ್ಕೊಂಡು ಹೋಗ್ತೀವಿ."

ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಇವರಿಗೆ ತಾವು ಏನು ಮಾಡುತ್ತಿದ್ದೇವೆಂಬುದೇ ಗೊತ್ತಿರಲಿಲ್ಲ. ನಾನು ಮೇಲಿಂದ ಕೂಗಿದೆ, "ಇಲ್ಲಿ ಯಾರೂ ಇಲ್ಲ, ಹೋಗ್ರೀ! ಹೋಗ್ತೀರೋ, ಬೀದಿಯವರನ್ನ ಕರೀಲೋ?" ಬೈಕು ಹೋಯಿತು. ಬೀದಿಯ ಕೊನೆಯಲ್ಲಿ ತುಸು ಹೊತ್ತು ನಿಂತು, ಆಮೇಲೆ ಹೋಯಿತು. ರೂಮಿನ ಬಾಗಿಲ ಸಂದಿಯಲ್ಲಿ ಹುಡುಗಿಯ ಒಂದು ಕಣ್ಣು ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ ನೀರು ಬಂತು, ಯಾರೂ ಕೂಗಲಿಲ್ಲ. ಕೊಡ ತಾಗುವ ಸದ್ದು ಮಾತ್ರ ಕೇಳಿಸಿತು. ನನಗೆ ಬೇಕಾಗಿದ್ದ ನಿಶ್ಶಬ್ದ ಅದೇ.

ಸಂಜೆ ತಾಯಿ ಮಗಳು ಮೇಲೆ ಬಂದರು. ತಾಯಿಯ ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ.

"ಅಕ್ಕಾರ, ಸ್ಟುಡಿಯೋದವ್ರು ಇದನ್ನ ಫೋನಿಗೆ ಕಳಿಸ್ಯಾರ್ರಿ. ಇದ್ರಾಗ ಇರೂ ತಪ್ಪೆಲ್ಲ ತಿದ್ದಕೊಂಡು ನಾಳೆ ಬರ್ರಿ, ಇಲ್ಲಾಂದ್ರ ಬ್ಯಾರೆ ಹುಡುಗಿ ಕಡಿಂದ ಮಾತಾಡಸ್ತೀವಿ ಅಂದಾರ. ನೀವು ತಪ್ಪು ತಿದ್ದೂ ಕೆಲಸದಾಗ ಇರೋರು. ಒಂದೀಟು ಹೇಳಿಕೊಡ್ರಿ. ಆಕಿಗೆ ಈ ಕೆಲಸ ಅಂದ್ರ ಜೀವ ಐತಿ."

ಅದು ನನ್ನ ಹಾಳೆ. ನಾನು ಎಳೆದ ಗೆರೆ, ನನ್ನ ಗುಂಡು ಅಕ್ಷರ. ಇದು ನಾನೇ ಬರೆದದ್ದು ಎನ್ನಲು ಬಾಯಿ ತೆರೆದೆ. ಹೊರಟಿದ್ದು, "ಕೂತ್ಕೊಳ್ಳಿ" ಎಂಬ ಮಾತು.

"ಓದಿ ತೋರಸು" ಎಂದಳು ತಾಯಿ. ಹುಡುಗಿ ಓದತೊಡಗಿದಳು. ಒಂದು, ಎರಡು, ಮೂರು. ನಾಲ್ಕು, ಐದು. ಆರು. ನಾನು ಸೀರೆಯ ಸೆರಗು ಹಿಡಿದು ಕೂತಿದ್ದೆ. ಅವಳು ಉಸಿರು ತೆಗೆದುಕೊಂಡು ಎಂಟಕ್ಕೆ ಹೋದಳು, ಆಮೇಲೆ ಒಂಬತ್ತು. ಸಾಲು ತಪ್ಪಿ ಓದಿದಳು ಎಂದುಕೊಂಡು ನಾನು ಬದುಕಿದೆ ಬಡಜೀವವೇ ಎಂದು ಉಸಿರುಬಿಟ್ಟೆ.

ಆಮೇಲೆ ಒಂದು ಗಂಟೆ ಕಲಿಸಿದೆ. ಎಳೆಯಬೇಡ. ಕೊನೆಗೆ ಏರಿಸಬೇಡ. ಮೆಲ್ಲಗೆ ಹೇಳು. ಬುದ್ಧಿವಂತ ಮಗು, ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಒಂದು ಗಂಟೆಯಲ್ಲಿ ಅವಳ ದನಿಯ ಏರಿಳಿತವೆಲ್ಲ ಸಪಾಟಾಯಿತು. ಒಂದೂ ದೋಷ ಉಳಿಯಲಿಲ್ಲ. ತಾಯಿ ನನ್ನ ಕಾಲು ಮುಟ್ಟಲು ಬಂದಾಗ ನಾನು ಹಿಂದಕ್ಕೆ ಸರಿದೆ.

ಸೋಮವಾರ ಸ್ಟುಡಿಯೋದವರು ಅರ್ಧ ದಿನ ಮಾತಾಡಿಸಿ ನೋಡಿ, ದನಿಯಲ್ಲಿ ಜೀವವಿಲ್ಲ ಎಂದು ವಾಪಸ್ ಕಳಿಸಿದರು. ಮುಂದಿನ ಕಂತಿನಲ್ಲಿ ಬೇರೆ ಮಗುವಿನ ದನಿ ಬಂತು. ಗುಂಪಿನಲ್ಲಿ ಟೆಸ್ಟರ್ "ಗೆದ್ವಿ ಮಚ್ಚಾ" ಎಂದು ಬರೆದ. ಆಗ ಗುಂಪು ಬಿಟ್ಟೆ. ಬಿಟ್ಟರೇನು ಬಂತು?

ಶಾಲೆಯ ದಾರಿಯಲ್ಲಿ ಆ ಬೈಕು ಮತ್ತೆ ಕಂಡಿತೆಂದು ಅವಳ ತಂದೆ ಆ ತಿಂಗಳೇ ರೂಮು ಖಾಲಿ ಮಾಡಿದರು. ನೆಲಮಂಗಲದ ಆಚೆ ಎಲ್ಲೋ ಕೆಲಸ ಸಿಕ್ಕಿದೆ ಎಂದರು. ಸಾಮಾನು ಆಟೋಗೆ ಏರಿಸುವಾಗ ಹುಡುಗಿ ಬೀಗದ ಕೈ ಕೊಡಲು ಮೇಲೆ ಬಂದಳು. ಬೀಗದ ಕೈಯ ಜೊತೆಗೆ ನಾಲ್ಕಾಗಿ ಮಡಿಸಿದ ಆ ಹಾಳೆಯನ್ನೂ ಮೇಜಿನ ಮೇಲಿಟ್ಟಳು.

"ಇದು ನಿಮ್ದ್ರಿ ಆಂಟಿ. ನಲ್ಲಿ ಮ್ಯಾಲಿನ ಬೋರ್ಡಿನಾಗೂ ಇದ ಅಕ್ಷರ ಅದಾವ್ರಿ."

ಕೆಳಗೆ ಅವಳ ತಾಯಿ ಪಾತ್ರೆಯ ಚೀಲ ಎತ್ತಿಕೊಡುತ್ತ ಆಟೋದವನ ಜೊತೆ ನಗುತ್ತಿದ್ದುದು ಕೇಳಿಸುತ್ತಿತ್ತು.

"ಅವ್ವಗ ಓದಾಕ ಬರಂಗಿಲ್ರಿ" ಎಂದಳು ಹುಡುಗಿ. "ಏಳನೇದು ಆಕಿಗೆ ನಾ ಓದಿ ಹೇಳಿಲ್ರಿ. ನೀವೂ ಹೇಳಬ್ಯಾಡ್ರಿ."

ಎಳೆಯಲಿಲ್ಲ, ಕೊನೆಗೆ ಏರಿಸಲಿಲ್ಲ. ನಾನು ಕಲಿಸಿದ ಹಾಗೆಯೇ ಮೆಲ್ಲಗೆ ಹೇಳಿ ಮೆಟ್ಟಿಲಿಳಿದು ಹೋದಳು.