ವೈನಿ ನುಂಗದ ಗುಳಿಗೆ

ನಮ್ಮ ಸುಮನಬಾಯಿ ವೈನಿ ತೆಳ್ಳಗಾದ ಮೇಲೆ ಉದಗೀರದ ಬಜಾರಿನಲ್ಲಿ ಬೇರೆ ಮಾತೇ ಇರಲಿಲ್ಲ. ಅವರು ನನ್ನ ಅಣ್ಣ ಜಗದೇವಪ್ಪನ ಹೆಂಡತಿ. ಮೊದಲು ನಮ್ಮ ಅರಿವೆ ಅಂಗಡಿಯ ಗಾದಿಯ ಮೇಲೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಹೈದರಾಬಾದಿನಲ್ಲಿ ಹೊಟ್ಟೆಯ ಆಪರೇಶನ್ ಮಾಡಿಸಿಕೊಂಡು ಬಂದವರು ನೋಡನೋಡುತ್ತ ಅರ್ಧ ಆದರು. ಡಾಕ್ಟರು ಒಂದೇ ತಾಕೀತು ಮಾಡಿದ್ದರು: ಇನ್ನು ಈ ಹೊಟ್ಟೆ ಊಟದ ಸತ್ವ ಪೂರ್ತಿ ಹೀರುವುದಿಲ್ಲ, ಜೀವ ಇರುವ ತನಕ ವಿಟಮಿನ್ ಗುಳಿಗೆ ಬಿಡಬೇಡಿ.

ಬರುಬರುತ್ತ ವೈನಿಯ ಬೆರಳು ಜುಮ್ಮೆನ್ನತೊಡಗಿದವು, ಅಂಗಾಲು ಮರಗಟ್ಟತೊಡಗಿದವು. ಕಾಲು ಮಡಚಿ ಕೂತದ್ದಕ್ಕೆ ಹಾಗೆ ಎಂದು ಅವರೇ ತಳ್ಳಿಹಾಕುತ್ತಿದ್ದರು. ಅಣ್ಣ ಮೆತ್ತನೆಯ ಚಪ್ಪಲಿ ತಂದುಕೊಟ್ಟ. ಅವನ ಉಪಚಾರ ಅಷ್ಟಕ್ಕೇ ಮುಗಿಯಿತು.

ಶ್ರಾವಣಕ್ಕೆ ನಾನು ನಿಲಂಗಾದಿಂದ ತವರಿಗೆ ಬಂದಿದ್ದೆ. ಬೆಳಗ್ಗೆ ವೈನಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿ, ಕಣ್ಣು ಮುಚ್ಚಿ ಜಪಕ್ಕೆ ಕೂತರು. ಲಿಂಗ ಜಾರಿ ಚಾಪೆಯ ಮೇಲೆ ಸದ್ದಿಲ್ಲದೆ ಬಿತ್ತು. ಸಣ್ಣವರಿದ್ದಾಗಿನಿಂದ ಜೀವಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡ ಲಿಂಗ. ಅವರಿಗೆ ಗೊತ್ತೇ ಆಗಲಿಲ್ಲ. ಖಾಲಿ ಅಂಗೈ ಎತ್ತಿ ಹಿಡಿದುಕೊಂಡೇ ಜಪ ನಡೆಸಿದ್ದರು.

"ವೈನಿ," ಎಂದೆ, "ಲಿಂಗ ಕೆಳಗ ಬಿದ್ದದ ನೋಡ್ರಿ."

ಕಣ್ಣು ತೆರೆದು ಅಂಗೈ ನೋಡಿಕೊಂಡರು. ಲಿಂಗ ಎತ್ತಿ ಕಣ್ಣಿಗೊತ್ತಿಕೊಂಡರು.

ಅವತ್ತೇ ಬಾಯಿಬಿಟ್ಟದ್ದು. ವರ್ಷದ ಮೇಲಾಯಿತು, ಗುಳಿಗೆ ನುಂಗಿಲ್ಲ. ಕ್ಯಾಪ್ಸೂಲಿನ ಸಿಪ್ಪೆಯನ್ನು ದನದ ಎಲುಬಿನಿಂದ ಮಾಡುತ್ತಾರೆಂದು ಯಾರೋ ಮೊಬೈಲಿಗೆ ಕಳಿಸಿದ್ದರಂತೆ. ಲಿಂಗ ಕಟ್ಟಿದ ಮೈಯೊಳಗೆ ಅದನ್ನು ಹೇಗೆ ಇಳಿಸಲಿ ಎಂದು ಡಬ್ಬಿ ಕಪಾಟಿನಲ್ಲಿ ತಳ್ಳಿದ್ದರು. ಅಣ್ಣನಿಗೆ ಹೇಳಲಿಲ್ಲ, ಡಾಕ್ಟರಿಗೆ ಹೇಳಲು ನಾಚಿಕೆ.

ಲಾತೂರಿಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರು ರಕ್ತದ ರಿಪೋರ್ಟು ನೋಡಿ ತಲೆ ಹಿಡಿದುಕೊಂಡರು. ಮೈಯಲ್ಲಿ ಬಿ-ಹನ್ನೆರಡು ಇಲ್ಲವೆನ್ನುವಷ್ಟು ಕಡಿಮೆ, ನರಗಳು ಉಪವಾಸ ಬಿದ್ದಿವೆ ಎಂದರು. ಒಂದು ಮಾತು ಕೇಳಿದ್ದರೆ ಸಿಪ್ಪೆಯಿಲ್ಲದ ಗುಳಿಗೆ ಇತ್ತು, ಇಂಜೆಕ್ಷನ್ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಕೈಯ ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದಂತೆ.

ಇಂಜೆಕ್ಷನ್ ಶುರುವಾದವು. ನಾನು ಊರಿಗೆ ಹೊರಟ ಬೆಳಗ್ಗೆ ವೈನಿ ಪೂಜೆಗೆ ಕೂತವರು ನನ್ನನ್ನು ಕರೆದರು.

"ಮಂಗಲಾ, ಎದುರಿಗಿ ಕೂಡವ್ವ. ಲಿಂಗ ಕೈಯಾಗ ಅದನೋ ಇಲ್ಲೋ ನಡುನಡುವ ಹೇಳ್ತಿರು. ನನಗ ತಿಳಿಯೂದಿಲ್ಲ."

ಚೀಲ ಕೆಳಗಿಟ್ಟು ಕೂತೆ. ಅವರು ಕಣ್ಣು ಮುಚ್ಚಿದರು.

"ಅದ ರೀ ವೈನಿ," ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ, "ಅದ ರೀ."