ಗೇಟಿನ ತನಕ ಮುಟ್ಟಿದ ಹುಕುಂ

ಟೈಪಿಸ್ಟ್ ಬಾಯಿಯವರ ಬಲಗೈಯ ಎರಡು ಬೆರಳು ಯಾವಾಗಲೂ ನೀಲಿ. ಕಾರ್ಬನ್ ಕಾಗದದ ನೀಲಿ ಅದು. ಶಹಾಪುರದ ಬಿಸಿಲಿಗೆ ಬೆವರು ಒರೆಸಿಕೊಂಡಾಗಲೆಲ್ಲ ಹಣೆಗೂ ಹತ್ತುತ್ತಿತ್ತು. ಸಂಜೆ ಹಾಗೆಯೇ ವಡಗೇರಾ ಬಸ್ಸು ಹತ್ತುತ್ತಿದ್ದರು. ಆ ಕಡೆ ಹೆಂಗಸರನ್ನು ಗೌರವದಿಂದ ‘ಬಾಯಿ’, ‘ಬಾಯಾರು’ ಎನ್ನುತ್ತಾರೆ. ಕಾಲುವೆ ಕಚೇರಿಯಲ್ಲಿ ಅವರಿಗಿಂತ ಕೆಳಗಿದ್ದವನು ಜವಾನ ಒಬ್ಬನೇ. ಆದರೂ ಜನ್ಮದಲ್ಲಿ ನಾನು ಯಾರ ಮೇಲಾದರೂ ಹೊಟ್ಟೆಕಿಚ್ಚು ಪಟ್ಟಿದ್ದರೆ ಅದು ಅವರ ಮೇಲೆ.

ನಾನಾಗ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ವಿಜ್ಞಾನಿ. ಪದವಿಯ ಹಮ್ಮು ಇನ್ನೂ ಇಳಿದಿರಲಿಲ್ಲ. ಕಾಲುವೆಗೆ ನೀರು ಬಂದು ಕೆಲವೇ ವರ್ಷವಾಗಿತ್ತು. ಮೇಲಿನ ಹೊಲದವರು ನೀರು ನಿಲ್ಲಿಸಿ ಭತ್ತ ಬೆಳೆಯುತ್ತಿದ್ದರು. ಅದರಿಂದ ತಗ್ಗಿನ ಕರಿಮಣ್ಣು ಸವಳಾಗಿ ಉಪ್ಪು ಮೇಲೇಳುತ್ತಿತ್ತು, ಕಾಲುವೆಯ ಕೊನೆಯವರಿಗೆ ನೀರೇ ಮುಟ್ಟುತ್ತಿರಲಿಲ್ಲ. ಉಪಕಾಲುವೆಗಳ ಗೇಟುಗಳನ್ನು ಪಾಳಿಯ ಮೇಲೆ ಮುಚ್ಚಿ ತೆರೆದರೆ ಎರಡೂ ತಪ್ಪುತ್ತವೆ ಎಂದು ಮೂರು ವರ್ಷ ಹೊಲ ತಿರುಗಿ ನಲವತ್ತು ಪುಟದ ವರದಿ ಬರೆದೆ. ನೀರಾವರಿ ಸಭೆಗೆಂದು ಅದನ್ನು ಟೈಪ್ ಮಾಡಿದವರು ಬಾಯಿಯವರು.

ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವುದು ಅವರ ರೂಢಿ. ವಾಕ್ಯ ಮುಗಿಯುವ ಮೊದಲೇ ಉಸಿರು ಮುಗಿದರೆ, "ಇಷ್ಟುದ್ದ ಹುಕುಂ ಗೇಟಿನ ತನಕ ಮುಟ್ಟಂಗಿಲ್ರಿ" ಎನ್ನುತ್ತಿದ್ದರು. ನನ್ನ ವರದಿ ಓದುವಾಗ ಅವರಿಗೆ ಬಹಳ ಸಲ ಉಸಿರು ಸಾಲಲಿಲ್ಲ.

"ಸಾಹೇಬ್ರ, ಇದ್ರಾಗ ಎಲ್ಲಾ ಅದರಿ. ಯಾರು, ಯಾವತ್ತು, ಯಾವ ಗೇಟು ಮುಚ್ಚಬೇಕಂಬೋದೊಂದು ಇಲ್ರಿ."

"ಅದು ನನ್ನ ಕೆಲಸ ಅಲ್ಲ. ನೀವು ಟೈಪ್ ಮಾಡ್ರಿ, ಸಾಕು."

ಅವರು ಸಿಟ್ಟಾಗಲಿಲ್ಲ. ವರದಿಯ ಜೊತೆ ಬೇರೊಂದು ಹಾಳೆ ಇಟ್ಟು ಕೊಟ್ಟರು. ನನ್ನ ನಲವತ್ತು ಪುಟ ಅದರಲ್ಲಿ ಹನ್ನೊಂದು ಸಾಲಿನ ಹುಕುಂ ಆಗಿತ್ತು: ಯಾವ ಉಪಕಾಲುವೆ ಯಾವ ವಾರ ಬಂದ್, ಗೇಟಿನ ಕೀಲಿ ಯಾರ ಕೈಯಲ್ಲಿ, ಕೆಳಗೆ ಸಹಿಗೆ ಜಾಗ. ನಾನು ಬರೆಯಬೇಕಾಗಿದ್ದದ್ದು ಇದನ್ನೇ ಎಂದು ಓದಿದ ಕೂಡಲೇ ಗೊತ್ತಾಯಿತು. ಹಾಳೆಯನ್ನು ಮಡಚಿ ಚೀಲದ ತಳಕ್ಕೆ ತುರುಕಿದೆ.

ಸಭೆಯಲ್ಲಿ ನಲವತ್ತು ಪುಟವನ್ನೇ ಓದತೊಡಗಿದೆ. ಒಂಬತ್ತನೆಯ ಪುಟಕ್ಕೆ ಚಹಾ ಬಂತು. ‘ಪರಿಶೀಲಿಸಲಾಗುವುದು’ ಎಂದು ಬರೆದು ವರದಿಯನ್ನು ಕಪಾಟಿಗೆ ಸೇರಿಸಿದರು.

ಆ ಹಿಂಗಾರಿನಲ್ಲಿ ಕೆಂಭಾವಿ ಕಡೆಯ ಅಜ್ಜಿಯೊಬ್ಬಳು ಸೆರಗಿನಲ್ಲಿ ಹೊಲದ ಮಣ್ಣು ಕಟ್ಟಿಕೊಂಡು ಕೇಂದ್ರಕ್ಕೆ ಬಂದಳು. ಬಿಚ್ಚಿದರೆ ಮಣ್ಣು ಬೆಳ್ಳಗಿತ್ತು.

"ಯಪ್ಪಾ, ಹ್ವಾದ ವರ್ಷ ಇದ್ರಾಗ ಜ್ವಾಳ ಬೆಳದೀನಿ. ಇನ್ನ ಬೆಳೀತದೇನು?"

ಮಡಚಿದ ಹಾಳೆ ಇನ್ನೂ ನನ್ನ ಚೀಲದಲ್ಲೇ ಇತ್ತು.

ಮರುವರ್ಷದ ಸಭೆಯಲ್ಲಿ ಅದನ್ನು ಮುಂದಿಟ್ಟೆ. ದೊಡ್ಡ ಸಾಹೇಬರು ಓದಿ ಪೆನ್ನು ಕೇಳಿದರು. "ಭೇಷ್! ಯಾರು ಬರದದ್ದು?"

"ನಾನೇ, ಸರ್."

ಸಹಿಯಾದ ಹುಕುಂನ ಪ್ರತಿಗಳನ್ನು ಟೈಪ್ ಮಾಡಿದವರೂ ಬಾಯಿಯವರೇ. ಒಂದು ಪ್ರತಿ ನನ್ನ ಕೈಗಿಡುತ್ತ, "ಛಲೋ ಆತ್ರಿ ಸಾಹೇಬ್ರ. ನೀವೂ ಬರಿಯೋದು ಕಲ್ತ್ರಿ" ಎಂದರು. ಅಷ್ಟೇ. ಬೇರೆ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

ಆದರೆ ಕಚೇರಿಯ ಕಿಟಕಿಗೆ ಬಂದ ರೈತರಿಗೆಲ್ಲ ಆ ಹುಕುಂ ಓದಿ ತಿಳಿಸುತ್ತಿದ್ದವರು ಅವರು. ಹೀಗಾಗಿ ಫೈಲಿನಲ್ಲಿ ನನ್ನ ಹೆಸರಿದ್ದರೂ ಕಾಲುವೆಯ ಮೇಲೆ ಅದು ‘ಬಾಯಾರ ಪಾಳಿ’ ಆಯಿತು. ಕದ್ದರೂ ನನ್ನದಾಗಲಿಲ್ಲವಲ್ಲ ಎಂದು ಇನ್ನಷ್ಟು ಉರಿದೆ. ಕೆಲವು ವರ್ಷಕ್ಕೆ ಹೊಲ ಚೇತರಿಸಿಕೊಂಡಾಗ ಅಜ್ಜಿ ಮೊದಲ ಎಳೆಜೋಳದ ಸೀತನಿ ತೆನೆ ಒಯ್ದುಕೊಟ್ಟದ್ದೂ ಅವರಿಗೇ. ಬಾಯಿಯವರು ಅರ್ಧ ನನಗೆ ಕಳಿಸಿದರು. ನಾನು ಮುಟ್ಟಲಿಲ್ಲ.

ಮುಂದೆ ಸರ್ಕಾರಕ್ಕೆ ಏನೇ ಬರೆದರೂ ಗಟ್ಟಿಯಾಗಿ ಓದಿ, ಉಸಿರು ಸಾಲದ ಕಡೆ ಕತ್ತರಿಸಿದೆ. ಅದರಲ್ಲಿ ಎಷ್ಟೋ ಹುಕುಂಗಳಾದವು. ಈ ಜಾಣತನ ಎಲ್ಲಿಯದು ಎಂದು ಕೇಳಿದವರಿಗೆ ನಕ್ಕು ಸುಮ್ಮನಾಗುತ್ತಿದ್ದೆ.

ಅವರು ತೀರಿಕೊಂಡ ದಿನ ವಡಗೇರಾಕ್ಕೆ ಹೋದೆ. ಕಾಲುವೆಯ ಕೊನೆಯ ಹಳ್ಳಿಗಳವರು ತಮ್ಮ ಪಾಳಿಯ ನೀರನ್ನು ಅರ್ಧಕ್ಕೇ ಬಿಟ್ಟು ಕೆಸರುಗಾಲಲ್ಲೇ ಬಂದಿದ್ದರು. ಹೂಳುವ ಕುಣಿಯ ಹತ್ತಿರ ಒಬ್ಬ ನನ್ನನ್ನು ಕೇಳಿದ, "ನೀವ್ಯಾರ್ರಿ?"

ಈ ಪ್ರಶ್ನೆಗೆ ವರ್ಷಗಟ್ಟಲೆ ಕಾದಿದ್ದೆ. ಆ ಪಾಳಿ ಕಂಡುಹಿಡಿದವನು ನಾನು ಎಂಬ ಉತ್ತರ ತಯಾರಿತ್ತು. ಬಾಯಿಗೆ ಬಂದದ್ದು ಬೇರೆ.

"ಇವರ ಕಡೆ ಬರಿಯೋದು ಕಲ್ತಾಂವ್ರಿ."

"ಹಂಗಾರ ಮುಂದ ಬರ್ರಿ, ಮಣ್ಣು ಹಾಕ್ರಿ" ಎಂದು ಆತ ಜಾಗ ಬಿಟ್ಟ.

ಹಿಡಿ ಮಣ್ಣು ತೆಗೆದುಕೊಂಡೆ. "ಆ ಹುಕುಂ ಬರೆದದ್ದು ನೀವು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹಾಕಿದೆ.